ಅಪ್ಪ ತಲೆ ಎತ್ತಿ ನೋಡಿದ ಮನೆಗಳು

ನಮ್ಮ ಅಪ್ಪ ಬೇರೆಯವರ ಮನೆಯ ಮಾಡು, ಅಂದರೆ ಸೂರು, ನೋಡುವ ಕೆಲಸ ಮಾಡುತ್ತಿದ್ದರು. ನೋಡುವುದು ಮಾತ್ರ. ಪ್ರಾಯದಲ್ಲಿ ಮಲಯಾಳಿ ಬಡಗಿಗಳ ಜೊತೆ ಸೇರಿಕೊಂಡು ಹೆಂಚಿನ ಮಾಡು ಕಟ್ಟಿದವರೇ. ಮೊಣಕಾಲು ಕೈಕೊಟ್ಟ ಮೇಲೆ ಏಣಿ ಹತ್ತುವುದನ್ನು ಬಿಟ್ಟು, ಕಣ್ಣು ಕಿವಿಗಳನ್ನು ದುಡಿಮೆಗೆ ಹಚ್ಚಿದರು. ಕಾಫಿಗೆ ಹೂಮಳೆ ಬಿದ್ದು ಹೋದ ಕೂಡಲೇ ಜನಕ್ಕೆ ತಂತಮ್ಮ ಮಾಡಿನ ನೆನಪಾಗುತ್ತಿತ್ತು. ಸಂಪಾಜೆಯಿಂದ ಹಿಡಿದು ಘಾಟಿಯ ಮೇಲಿನ ಮನೆಗಳವರೆಗೆ ಅಪ್ಪನಿಗೆ ಕರೆ ಬರುತ್ತಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಮಡಿಕೇರಿಯಲ್ಲಿ ಅದರ ಬಗ್ಗೆ ದೊಡ್ಡ ದೊಡ್ಡ ಮಾತುಗಳಾಗುತ್ತಿದ್ದವಂತೆ. ನಮ್ಮ ಕಡೆಯ ಮಾಡುಗಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಅಪ್ಪ ನೋಡುವ ಕ್ರಮ ಹೀಗೆ. ನಡುಮಧ್ಯಾಹ್ನ ಹೋಗಬೇಕು. ಮನೆಯ ಬಾಗಿಲು, ಕಿಟಕಿ ಎಲ್ಲವನ್ನೂ ಮುಚ್ಚಿಸಬೇಕು. ಒಳಗೆ ಕತ್ತಲಾದ ಮೇಲೆ ತಲೆ ಎತ್ತಿದರೆ, ಹೆಂಚು ಎಲ್ಲೆಲ್ಲಿ ಸೀಳಿದೆ, ಎಲ್ಲೆಲ್ಲಿ ಜಾರಿದೆ ಎಂಬುದು ಬೆಳಕಾಗಿ ಕಾಣುತ್ತದೆ. ಬೆಳಕು ಬರುವಲ್ಲಿ ನೀರೂ ಬರುತ್ತದೆ. ಆಮೇಲೆ ಉದ್ದದ ಬಿದಿರು ಕೋಲಿನಿಂದ ಮಾಡಿನ ಜಂತೆಗಳಾದ ಪಕ್ಕಾಸುಗಳನ್ನು ಒಂದೊಂದಾಗಿ ಕುಟ್ಟಿ, ಒಳಗೆ ಟೊಳ್ಳೇ ಎಂದು ಸದ್ದು ಕೇಳುತ್ತಿದ್ದರು. ಮನೆಯವರೆಲ್ಲ ಆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಡಾಕ್ಟರು ಬಂದಾಗಲೂ ಅಷ್ಟು ಸುಮ್ಮನಿರುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಹೋಗಿ ಇದನ್ನೆಲ್ಲ ಕಲಿತಿದ್ದೆ. ಹೆಣ್ಣುಮಕ್ಕಳಿಗೆ ಇದರಿಂದ ಏನು ಉಪಯೋಗ ಎಂದು ಅವ್ವ ಕೇಳುತ್ತಿದ್ದಳು. ಉಪಯೋಗ ಏನೂ ಆಗಲಿಲ್ಲ.

ತೀರ್ಪನ್ನು ಅಪ್ಪ ಮನೆಯೊಳಗೆ ಹೇಳುತ್ತಿರಲಿಲ್ಲ. ಅಂಗಳಕ್ಕೆ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಆಮೇಲೆ ಹೇಳುವುದು. ಮಾಡಿನ ಅಡಿಯಲ್ಲಿ ನಿಂತು ಅದರ ದೂರು ಹೇಳುವುದು ಅವರಿಗೆ ಸರಿಕಾಣುತ್ತಿರಲಿಲ್ಲ. "ಈ ಮಳೆ ಕಳೀತದೆ" ಎಂದರೆ ಮಾಡು ಈ ಮಳೆಗಾಲ ತಡೆಯುತ್ತದೆ ಎಂದು ಅರ್ಥ; ಮನೆಯವರು ಬೆಲ್ಲದ ಕಾಫಿ ಕೊಡುತ್ತಿದ್ದರು. "ಕಳೀಲಿಕ್ಕಿಲ್ಲೆ" ಎಂದರೂ ಕೊಡುತ್ತಿದ್ದರು, ಆದರೆ ಲೋಟ ಇಡುವ ಸದ್ದು ಬೇರೆ ಇರುತ್ತಿತ್ತು.

ಇಷ್ಟೆಲ್ಲ ಇದ್ದ ಮನುಷ್ಯ, ಅಕ್ಕನನ್ನು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋದಾಗ ಮಾತ್ರ ತಲೆ ಎತ್ತಲಿಲ್ಲ. ನೆಂಟರಾಗುವವರ ಮನೆಯಲ್ಲಿ ಮೇಲೆ ನೋಡುತ್ತ ಕೂರುವುದು ಮರ್ಯಾದೆಯಲ್ಲ ಎಂದುಕೊಂಡರಂತೆ. ಎಲ್ಲರ ಹಾಗೆ ದನ ನೋಡಿದರು, ಗದ್ದೆ ನೋಡಿದರು, ಉಪ್ಪಿಟ್ಟು ತಿಂದು ಬಂದರು. ಮೊದಲ ಮಳೆಗಾಲದಲ್ಲೇ ಆ ಮನೆಯ ಅಡಿಗೆಕೋಣೆಯ ಮಾಡು ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬಸುರಿ ಅಕ್ಕ ಜಡಿಮಳೆಯ ಆಟಿ ತಿಂಗಳಿಡೀ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಲೆ ಹೂಡಿ ಅಡಿಗೆ ಮಾಡಿದಳು. ಅದನ್ನು ಕಣ್ಣಾರೆ ಕಂಡು ಬಂದ ದಿನ ಅಪ್ಪ ಊಟ ಮಾಡಲಿಲ್ಲ.

ಅದರ ಫಲ ನನಗೆ ಬಂತು. ನನ್ನನ್ನು ಕೇಳಿಕೊಂಡು ಬಂದ ಸಂಬಂಧಗಳಿಗೆಲ್ಲ ಅಪ್ಪ ಬಿದಿರು ಕೋಲು ಹಿಡಿದೇ ಹೊರಡತೊಡಗಿದರು. ಒಂದು ಮನೆಯಲ್ಲಿ ಗೆದ್ದಲು. ಇನ್ನೊಂದರಲ್ಲಿ ಹೆಂಚು ಕೂರಿಸುವ ರೀಪು ಸಣ್ಣದು. ಬಿಟ್ಟಂಗಾಲದ ಕಡೆಯ ಮನೆಯೊಂದರಲ್ಲಿ ಮಾಡು ಭದ್ರವಾಗಿತ್ತು, ಆದರೆ ಹಲಸಿನ ಮರ ತೀರಾ ಹತ್ತಿರವಿತ್ತು. ಹುಡುಗರ ಬಗ್ಗೆ ಅಪ್ಪ ಏನೂ ಹೇಳುತ್ತಿರಲಿಲ್ಲ. ನೋಡಿರುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿನ ಹೆಂಗಸರು ನನ್ನ ಮುಖ ಕಂಡರೆ ಮೊದಲು ಆಕಾಶ ನೋಡಿ ಆಮೇಲೆ ನಗುತ್ತಿದ್ದರು.

ಹಾಗಿರುವಾಗ ಸಂಪಾಜೆಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಪಾಲಿಬೆಟ್ಟದಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ತಂದೆ ಇಲ್ಲ, ತಾಯಿಯೇ ಗದ್ದೆ ತೋಟ ನೋಡಿಕೊಂಡು ಮಗನನ್ನು ಓದಿಸಿದವರು. ಅವನನ್ನು ನಾನು ಸೋದರತ್ತೆಯ ಮನೆಯ ಮದುವೆಯಲ್ಲಿ ನೋಡಿದ್ದೆ. ಬಡಿಸುವಾಗ ನನ್ನ ಎಲೆಗೆ ಮಾತ್ರ ಎರಡು ಸಲ ಪಾಯಸ ತಂದಿದ್ದ. ನನಗೆ ಅವನು ಬೇಕಾಗಿದ್ದ. ಇದನ್ನು ಆ ಕಾಲದಲ್ಲಿ ಯಾರಿಗೂ ಹೇಳುವಂತಿರಲಿಲ್ಲ, ಆದ್ದರಿಂದ ಈಗ ಹೇಳುತ್ತಿದ್ದೇನೆ.

ಅಪ್ಪ ಮತ್ತು ಚಿಕ್ಕಪ್ಪ ಮನೆ ನೋಡಲು ಹೋದರು. ಅಲ್ಲಿ ನಡೆದದ್ದನ್ನು ಚಿಕ್ಕಪ್ಪ ಬಂದು ಹೇಳಿದರು. ಮಾಡು ನೋಡುವವರ ಮನೆಯಿಂದ ಜನ ಬರುತ್ತಾರೆಂದು ತಿಳಿದು, ಹುಡುಗನ ತಾಯಿ ಆಳುಗಳನ್ನು ಹತ್ತಿಸಿ ಇಡೀ ಮಾಡಿನ ಹೊಗೆಮಸಿಯನ್ನು ಹೆರೆಸಿದ್ದರಂತೆ. ತೆಂಗಿನ ಸಿಪ್ಪೆ ಹಿಡಿದು, ಅಂಟುವಾಳದ ನೀರು ಹಾಕಿ, ಪಕ್ಕಾಸುಗಳನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿಸಿದ್ದರಂತೆ. ಮತ್ತೆ ಮಸಿ ಹಿಡಿಯದಿರಲಿ ಎಂದು ಅಡಿಗೆಯನ್ನೇ ಹೊರಗಿನ ಕೊಟ್ಟಿಗೆಗೆ ಸಾಗಿಸಿದ್ದರು.

ಅಪ್ಪನಿಗೆ ಮಾಡೆಂದರೆ ಕಪ್ಪಗಿರಬೇಕು. ಒಲೆಯ ಹೊಗೆ ಕುಡಿದ ಮರಕ್ಕೆ ಕುಟ್ಟೆಹುಳು ಬಾಯಿ ಹಾಕುವುದಿಲ್ಲ. ಬೆಳ್ಳಗೆ ಹೊಳೆಯುವ ಪಕ್ಕಾಸು ಕಂಡದ್ದೇ ಅವರ ಮುಖ ಬಿಗಿದುಕೊಂಡಿತಂತೆ. ಕೊಟ್ಟಿಗೆಯಲ್ಲಿ ಉರಿಯುತ್ತಿದ್ದ ಒಲೆಯನ್ನು ಕಂಡ ಮೇಲಂತೂ ಅಲ್ಲಿಂದಲೇ ತಿರುಗಿಬಿಟ್ಟರಂತೆ. ಕೋಲಿನಿಂದ ಕುಟ್ಟಲೂ ಇಲ್ಲ. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿಕೊಂಡರು.

"ಮಸಿ ಇಲ್ಲದ ಮಾಡು ನಾ ನಂಬೂದಿಲ್ಲೆ. ಎಂತದೋ ಮುಚ್ಚಿಡ್ಲಿಕ್ಕೆ ಉಜ್ಜಿದ್ದು ಇದು" ಎಂದು ಹೇಳಿ ಹೊರಟು ಬಂದರು.

ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಬಡಿಸುತ್ತಿದ್ದೆ, ಮಾತಾಡುತ್ತಿರಲಿಲ್ಲ. ಅಪ್ಪ ಅದನ್ನು ಗಮನಿಸದವರ ಹಾಗೆ ಇನ್ನಷ್ಟು ಮನೆಗಳ ಮಾಡು ನೋಡಲು ಹೋದರು.

ಒಂದು ಮಧ್ಯಾಹ್ನ ಹುಡುಗನ ತಾಯಿ, ತನ್ನ ತಮ್ಮನನ್ನು ಕರೆದುಕೊಂಡು, ನಮ್ಮ ಅಂಗಳಕ್ಕೆ ಬಂದರು. ಗಿಡ್ಡನೆಯ ಹೆಂಗಸು. ಕೈಯಲ್ಲಿ ಬಿದಿರು ಕೋಲು. ಅವ್ವ ಚಾಪೆ ಹಾಸಿದಳು. ಅವರು ಕೂರಲಿಲ್ಲ.

"ಗೌಡ್ರೇ, ನೀವು ನಮ್ಮ ಮಾಡು ನೋಡಿದ್ದಾಯ್ತು. ನಿಮ್ಮದೊಂದು ನಾವೂ ನೋಡುವಾಂತ ಬಂದದ್ದು" ಎಂದರು.

 ನಮ್ಮ ಮನೆಯ ಮಾಡಿನ ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಮಳೆ ಹಿಡಿಯುವವರೆಗೂ ಊರವರ ಮನೆಗಳಲ್ಲೇ ಇರುತ್ತಿದ್ದರು. ಮಳೆ ಹಿಡಿದ ಮೇಲೆ ನಮ್ಮ ಮನೆಯೊಳಗೆ ಯಾವ ಪಾತ್ರೆ ಎಲ್ಲಿ ಇಡಬೇಕೆಂದು ಎಲ್ಲರಿಗೂ ಅಭ್ಯಾಸವಾಗಿತ್ತು. ಬೇಡ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಬೇರೆಯವರ ಮನೆಯಲ್ಲಿ ಯಾವತ್ತೂ ಯಾರೂ ಅವರಿಗೆ ಬೇಡ ಎಂದಿರಲಿಲ್ಲ. ತಾವೇ ಹೋಗಿ ಕಿಟಕಿಗಳನ್ನು ಮುಚ್ಚಿದರು. ಬಾಗಿಲನ್ನು ನಾನು ಹಾಕಿದೆ.

ಕತ್ತಲಾಯಿತು ಎನ್ನುವಂತಿರಲಿಲ್ಲ. ಅವ್ವನ ಸೆರಗಿನ ಮೇಲೆ ಬೆಳಕು, ಅಕ್ಕಿ ಪೆಟ್ಟಿಗೆಯ ಮೇಲೆ ಬೆಳಕು, ಅಪ್ಪನ ಬೋಳುತಲೆಯ ಮೇಲೆ ಎರಡು ಕಡೆ ಬೆಳಕು. ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳನ್ನು ನೋಡಿ ನಮ್ಮ ಕೋಳಿ ಅಕ್ಕಿಯೆಂದು ತಿಳಿದು ಕುಕ್ಕಿತು. ಆ ತಾಯಿ ಅವಸರ ಮಾಡಲಿಲ್ಲ. ಪಕ್ಕಾಸುಗಳನ್ನು ಒಂದೊಂದಾಗಿ ಕುಟ್ಟಿ ಕಿವಿಗೊಟ್ಟರು. ಅಡಿಗೆಕೋಣೆಯ ಕಡೆ ಒಂದು ಕುಟ್ಟಿದಾಗ ಹುಡಿ ಉದುರಿ ಅವರ ಹೆಗಲಿಗೆ ಬಿತ್ತು. ಕೊಡವಿಕೊಳ್ಳಲೂ ಇಲ್ಲ. ಆಮೇಲೆ ತಲೆ ಇಳಿಸಿ ನನ್ನನ್ನು ನೋಡಿದರು. ಅಷ್ಟು ಹೊತ್ತೂ ನಾನು ಒಂದು ಬೆಳಕಿನ ಕೆಳಗೇ ನಿಂತಿದ್ದೆ.

ಬಾಗಿಲು ತೆಗೆದು ಅಂಗಳಕ್ಕೆ ಇಳಿದರು. ಚಪ್ಪಲಿ ಮೆಟ್ಟಿಕೊಂಡರು. ನಾವೆಲ್ಲ ಹಿಂದೆಯೇ ಹೋಗಿ ಸಾಲಾಗಿ ನಿಂತೆವು, ಅಪ್ಪನೂ ಸೇರಿ.

"ಈ ಮಾಡು ಈ ಮಳೆ ಕಳೀಲಿಕ್ಕಿಲ್ಲೆ ಗೌಡ್ರೇ" ಎಂದರು. ಅಪ್ಪ ಹೂಂ ಎಂದರು. "ಹಾಗಾಗಿ ಮಳೆ ಹಿಡಿಯೂ ಮೊದಲೇ ಹುಡುಗಿನ ನಾವು ಕರ್ಕೊಂಡು ಹೋಗ್ತೇವೆ. ನಮ್ಮಲ್ಲಿ ನಿನ್ನೆಯಿಂದ ಒಲೆ ಒಳಗೇ ಉರೀತಾ ಉಂಟು. ಮದುವೆ ಹೊತ್ತಿಗೆ ನಿಮಗೆ ಬೇಕಾದಷ್ಟು ಮಸಿ ಆಗ್ತದೆ."

 ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ; ಹಾಗೆ ಮಾಡಿದರೆ ಬೇಡವೆಂದು ತಿಳಿದುಕೊಂಡಾರು ಎಂಬ ಹೆದರಿಕೆ.

"ಆಗಲಿ" ಎಂದರು ಅಪ್ಪ.

ಅವ್ವ ಬೆಲ್ಲದ ಕಾಫಿ ಮಾಡಿದಳು. ಬಂದವರು ಕುಡಿದು ಹೊರಟರು. ಅಪ್ಪ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ತೆರೆದಾದ ಮೇಲೂ ಹೊರಗೆ ಬರಲಿಲ್ಲವೆಂದು ನಾನು ಹೋಗಿ ಇಣುಕಿದೆ. ನಡುಕೋಣೆಯಲ್ಲಿ ತಲೆ ಮೇಲೆತ್ತಿ ನಿಂತಿದ್ದರು. ತುಂಬ ಹೊತ್ತು ಹಾಗೆಯೇ ನಿಂತಿದ್ದರು. ಕಿಟಕಿ ತೆರೆದಿರುವಾಗ ಮಾಡಿನಲ್ಲಿ ಏನೂ ಕಾಣುವುದಿಲ್ಲ. ಅದನ್ನು ನನಗೆ ಕಲಿಸಿದವರೇ ಅವರು.