ಧೂಳಪ್ಪನವರ ಕ್ರಮ

ಪತ್ರಾಗಾರದಲ್ಲಿ ಹಳೆಯ ಕಾಗದಪತ್ರ ಕಾಯುವ ಈ ಮಹಾಶಯರನ್ನು ಜೊತೆಯವರು ಬೆನ್ನ ಹಿಂದೆ ಧೂಳಪ್ಪ ಎನ್ನುತ್ತಾರೆ. ಕಡತದ ಹತ್ತಿರ ಸೀನಿದವರನ್ನು ಅವರು ಕೊಲೆಗಾರರಂತೆ ನೋಡುತ್ತಾರೆ. ಯಾರದೋ ಮನೆಯಿಂದ ಬಂದ ಕಾಗದದ ಕಟ್ಟನ್ನು ಹೊಸಬರು ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಹೊರಟರೆ, "ಕೈ ತೆಗೀರಿ ಸ್ವಾಮಿ, ಇಟ್ಟೋರು ಹೇಗಿಟ್ಟಿದ್ರೋ ಹಾಗೇ ಇರ್ಲಿ. ನೀವು ನೀಟು ಮಾಡಿದ್ರೆ ಅವರೇ ಮಾಯ ಆಗ್ಬಿಡ್ತಾರೆ" ಎಂದು ಗದರುತ್ತಾರೆ. ಮನೆಯಲ್ಲಿ ಮಾತ್ರ ಹೆಂಡತಿಯ ಅಡುಗೆಮನೆ ಕಂಡು "ಇದೇನೇ ಇದು, ಸಂತೆ" ಎಂದು ಜೀವಮಾನವೆಲ್ಲ ಗೊಣಗಿದವರು. ಆಕೆ ತೀರಿಕೊಂಡ ಮೇಲೆ ಬಂದ ಸೊಸೆ ಅವರಿಗೆ ಚಹಾ ಕೊಟ್ಟು, ತಾನೊಂದು ಗುಟುಕು ಕುಡಿದು ಬೆಚ್ಚಿದಳು. "ಕುಡೀಬೇಡಿ ಮಾವ, ಸಕ್ಕರೆ ಡಬ್ಬೀಲಿ ಅತ್ತೆ ಉಪ್ಪು ಹಾಕಿಟ್ಟಿದ್ದಾರೆ. ನಾಳೆ ಎಲ್ಲಾ ಡಬ್ಬಿ ಸರಿ ಮಾಡ್ತೀನಿ." ಮಹಾಶಯರು ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಚೆನ್ನಾಗೇ ಇದೆಯಮ್ಮ. ಡಬ್ಬಿ ಮುಟ್ಟಬೇಡ" ಎಂದರು.