ವೆಬ್‌ಸೈಟಿನ ಬಾಲ ಹಿಡಿದ ಭೋಜ

ಕಾಪು ಪೇಟೆಯ ಭೋಜ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನ ಎದುರಲ್ಲೇ ಹಾಲಿಗೆ ಬೆರಳದ್ದಿ ನೋಡುವವನು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು, ಆಮೇಲೆ ಡ್ರೈವರನನ್ನು ಬೇರೆಬೇರೆಯಾಗಿ ವಿಚಾರಿಸಿಯೇ ಹತ್ತುವವನು. ಎರಡು ಸಾವಿರದ ಮೂರರಲ್ಲಿ ಮೂರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದ ಮೇಲಂತೂ ಸಂಶಯಪಡಲು ಅವನಿಗೆ ಇಡೀ ಭೂಮಂಡಲವೇ ಸಿಕ್ಕಿತು.

ಮಣಿಪಾಲದ ಇಂಜಿನಿಯರಿಂಗ್ ಹುಡುಗರು ರದ್ದಿಗೆ ಹಾಕಿದ ಪುಸ್ತಕವೊಂದರಿಂದ ಅವನು ದಿವ್ಯಾಸ್ತ್ರ ಸಂಪಾದಿಸಿದ್ದ: ವೆಬ್ ವಿಳಾಸದ ಬಾಲ. ಕೊನೆಯಲ್ಲಿ ಎಎಸ್‌ಪಿ ಎಂದಿದ್ದರೆ ಮೈಕ್ರೋಸಾಫ್ಟಿನ ಸರಕು, ಜೆಎಸ್‌ಪಿ ಎಂದರೆ ಜಾವಾ, ಪಿಎಚ್‌ಪಿ ಎಂದರೆ ಪುಕ್ಕಟೆ ಸಿಗುವ ಸಾಮಾನು. ಗಿರಾಕಿ ಪುಟ ತೆರೆದರೆ ಸಾಕು, ಹಿಂದಿನಿಂದ ಬಗ್ಗಿ ಅದರ ಕುಲಗೋತ್ರ ಸಾರುತ್ತಿದ್ದ. ಹೆಚ್ಚಾಗಿ ಸರಿಯೇ ಇರುತ್ತಿತ್ತು, ತೊಂದರೆ ಅದೇ.

ಒಂದು ಶನಿವಾರ ಉದ್ಯಾವರದ ಸೆಲೀನ್ ಬಂದಳು. ಕಾರ್ಕಳದಲ್ಲಿ ನರ್ಸ್. ಕುವೈತಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಬೇಕಿತ್ತು, ಐದು ಗಂಟೆಯೊಳಗೆ. ಆಗಲೇ ನಾಲ್ಕೂವರೆ. ಆಸ್ಪತ್ರೆಯ ಮುಖಪುಟ ಎಎಸ್‌ಪಿ. ಅಲ್ಲಿಂದ ಅರ್ಜಿಯ ಪುಟಕ್ಕೆ ಹೋದರೆ ಪಿಎಚ್‌ಪಿ! ಅವಳು ಪಾಸ್‌ಪೋರ್ಟ್ ಸಂಖ್ಯೆ ಒತ್ತುವಷ್ಟರಲ್ಲಿ ಭೋಜ ಕೀಬೋರ್ಡನ್ನೇ ಎತ್ತಿಕೊಂಡ.

“ಇದರಲ್ಲಿ ಎಂತದೋ ಮೋಸ ಉಂಟು. ಮೈಕ್ರೋಸಾಫ್ಟಿನ ಮನೆಯಲ್ಲಿ ಪಿಎಚ್‌ಪಿಗೆ ಎಂತ ಕೆಲಸ?”

“ಭೋಜಣ್ಣ, ಕೊಡಿ ಮಾರಾಯ್ರೆ. ಎರಡು ವರ್ಷದಿಂದ ಕಾದದ್ದು.”

“ನಾಳೆ ನಿನ್ನ ಪಾಸ್‌ಪೋರ್ಟಿನಲ್ಲಿ ಬೇರೆ ಯಾರೋ ಕುವೈತಿಗೆ ಹೋದರೆ ನನ್ನನ್ನು ಕೇಳಬೇಡ!”

ತನಿಖೆಗೆಂದು ಅವನು ಪಕ್ಕದ ಕುರ್ಚಿಯಲ್ಲಿ ಕೂತು ವಿಳಾಸದ ಬಾಲ ಕತ್ತರಿಸಿ ಎಎಸ್‌ಪಿ ಅಂಟಿಸಿದ. ಪುಟ ಸಿಗಲಿಲ್ಲ ಎಂದು ಪರದೆ ಹೇಳಿತು. “ನೋಡು, ಸಿಕ್ಕಿಬಿದ್ದರು!” ಎಂದು ಭೋಜ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಸೆಲೀನಳ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಮೀನು ಮಾರಿ ಬರುತ್ತಿದ್ದ ಭೋಜನ ತಾಯಿ ಸರಸ ಖಾಲಿ ಬುಟ್ಟಿಯೊಂದಿಗೆ ಒಳಗೆ ಬಂದರು. ಗಲಾಟೆ ಏನೆಂದು ಕೇಳಿ ತಿಳಿದು ಮಗನನ್ನು ನೋಡಿದರು.

“ಬಾಲ ನೋಡಿ ಮೀನು ತೆಗೆದುಕೊಳ್ಳುವವರನ್ನು ನಾನು ಕಂಡಿಲ್ಲ. ಕಿವಿರು ಎತ್ತಿ ನೋಡುವುದು. ನಿನ್ನ ಇದಕ್ಕೆ ತಲೆ ಇಲ್ವಾ?”

ಸೆಲೀನ್ ತಟ್ಟನೆ ಪರದೆಗೆ ಬಗ್ಗಿ ವಿಳಾಸದ ಆರಂಭಕ್ಕೆ ಬೆರಳಿಟ್ಟಳು. ಎರಡು ಪುಟಗಳಲ್ಲೂ ಅದೇ ಆಸ್ಪತ್ರೆಯ ಹೆಸರು, ಅಕ್ಷರ ಬಿಡದೆ.

“ಜಾಗ ಒಂದೇ ಭೋಜಣ್ಣ, ಮಾಡಿಕೊಟ್ಟವರು ಇಬ್ಬರು. ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ಒಬ್ಬರದ್ದು, ಲ್ಯಾಬ್ ಇನ್ನೊಬ್ಬರದ್ದು. ಹಾಗಂತ ಆಸ್ಪತ್ರೆ ಸುಳ್ಳಾ?”

ಇಷ್ಟು ಕಾಲ ಬಾಲಗಳನ್ನೇ ಹಿಡಿದು ತಿರುಗಿದ ವೀರನಿಗೆ ತಲೆಯೊಂದು ಇರುತ್ತದೆಂದು ಹೊಳೆದಿರಲಿಲ್ಲ. ಕೀಬೋರ್ಡ್ ಸೆಲೀನಳಿಗೆ ಶರಣಾಯಿತು. ಐದಕ್ಕೆ ಎಂಟು ನಿಮಿಷ.

ಅವಳು ಒತ್ತತೊಡಗಿದಳು. ಆಗ ಇಂಟರ್ನೆಟ್ ಬರುತ್ತಿದ್ದದ್ದೂ ಫೋನಿನ ತಂತಿಯಲ್ಲೇ; ಯಾರಾದರೂ ಫೋನ್ ಎತ್ತಿದರೆ ಕಡಿಯುತ್ತದಲ್ಲ. ಭೋಜ ಫೋನನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅದುಮಿ, ಹೆತ್ತ ತಾಯಿಯನ್ನೇ ಸಂಶಯದಿಂದ ನೋಡುತ್ತ ಕೂತ.

ಐದಕ್ಕೆ ಒಂದು ನಿಮಿಷವಿರುವಾಗ ಪರದೆಯಲ್ಲಿ ಅರ್ಜಿಯ ಸಂಖ್ಯೆ ಮೂಡಿತು. ಸೆಲೀನ್ ಅದನ್ನು ಅಂಗೈ ಮೇಲೆ ಬರೆದುಕೊಂಡಳು; ಪ್ರಿಂಟರನ್ನು ನಂಬಬೇಡ ಎಂದು ಭೋಜನೇ ಹೇಳಿದ್ದ.