ಗೋಸುಂಬೆಗೊಂದು ಸೋರುವ ನಲ್ಲಿ

ವಾಷರ್ ಮೇಸ್ತ್ರಿಗಳ ಕಿವಿ ಮಾತಿಗೆ ಮಂದ, ಹನಿಗೆ ಚುರುಕು. ಹೆಂಡತಿ ಪಕ್ಕದಲ್ಲೇ ಕೂತು ಗಂಟಲು ಹರಿದುಕೊಂಡರೂ ಕೇಳಿಸದು. ಎದುರು ಮನೆಯ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೆ ಮಾತ್ರ ತಟ್ಟೆಯಿಂದ ತಲೆ ಎತ್ತುವರು. ಒಮ್ಮೆ ಸಾವಿನ ಮನೆಗೆ ಸಮಾಧಾನ ಹೇಳಲು ಹೋದವರು ನೇರ ಬಚ್ಚಲಿಗೆ ನುಗ್ಗಿ, ಸೋರುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿ, ಕೈ ಒರೆಸಿಕೊಳ್ಳುತ್ತ ಹೊರಬಂದು, "ಇನ್ನು ಏನೂ ಯೋಚನೆ ಮಾಡ್ಬೇಡಿ" ಅಂದಿದ್ದರು. ಮನೆಯವರು ಅದನ್ನು ಸತ್ತವರ ಬಗ್ಗೆ ಆಡಿದ ಮಾತು ಅಂದುಕೊಂಡು ಕೈ ಮುಗಿದರು.

ಲೋಕದ ಸಕಲ ರೋಗಕ್ಕೂ ಸವೆದ ರಬ್ಬರ್ ವಾಷರೇ ಮೂಲ ಎಂಬುದು ಪ್ಲಂಬರ್ ಕೆಲಸದ ಈ ಮೇಸ್ತ್ರಿಗಳ ಸಿದ್ಧಾಂತ. ನಲ್ಲಿ ಸೋರಿದರೂ ವಾಷರು, ಗಂಡ ಹೆಂಡತಿ ಜಗಳವಾಡಿದರೂ ವಾಷರು, ಸರಕಾರ ಉರುಳಿದರೂ ವಾಷರು. "ಒಳಗೆಲ್ಲೋ ಸವೆದಿದೆ ಕಣ್ರೀ" ಎಂದು ಕಣ್ಣು ಕಿರಿದು ಮಾಡಿ ಹೇಳುವ ಆ ಗತ್ತಿಗೇ ಬೀದಿಯವರು ಕೊಟ್ಟ ಬಿರುದು ವಾಷರ್ ಮೇಸ್ತ್ರಿ. ಹುಟ್ಟಿದಾಗ ಇಟ್ಟ ಹೆಸರು ಅವರ ಅಕ್ಕನೊಬ್ಬಳಿಗೇ ನೆನಪಿತ್ತು, ಅವಳೂ "ಲೋ" ಎಂದೇ ಕರೆಯುತ್ತಿದ್ದಳು.

ಅಕ್ಕ ದರ್ಜಿ. ಒಂಟಿ ಹೆಂಗಸು. ಎರಡು ಬೀದಿ ಆಚೆಗಿನ ಅವಳ ಅಂಗಡಿಯೂ ಮನೆಯೂ ಒಂದೇ ಕೋಣೆಯಲ್ಲಿ. ಹೊಲಿಗೆ ಮಶೀನಿನ ಪಕ್ಕದಲ್ಲಿ ಒಂದು ಜಾಲರಿ ಗೂಡು, ಗೂಡಿನೊಳಗೆ ಕುಂಡದ ಗಿಡ, ಗಿಡದ ಮೇಲೆ ಒಂದು ಗೋಸುಂಬೆ. ಊರು ಬಿಟ್ಟು ಹೊರಟ ಗಿರಾಕಿಯೊಬ್ಬರು ಬಿಟ್ಟುಹೋದದ್ದು. ಬಟ್ಟೆ ಅಂಗಡಿಯ ಮಾದರಿ ತುಂಡುಗಳ ಹಾಗೆ ದಿನಕ್ಕೊಂದು ಬಣ್ಣ ತೋರಿಸುತ್ತದೆಂದು ಅಕ್ಕ ಅದಕ್ಕೆ ಸ್ಯಾಂಪಲ್ ಎಂದು ಹೆಸರಿಟ್ಟಿದ್ದಳು. ಅದಕ್ಕೂ ಮುಂಚೆ ಒಂದು ಗೋಸುಂಬೆ ಮರಿ ಇತ್ತು. ಅದು ಸತ್ತಾಗ ಅಕ್ಕ ವಾರಗಟ್ಟಲೆ ಮಶೀನು ತುಳಿಯಲಿಲ್ಲ. ಹೊಲಿಯಲು ಕೊಟ್ಟವರು ಬಂದು ಬಾಗಿಲು ಬಡಿದು ಹೋಗುತ್ತಿದ್ದರು. ಹೇಗೆ ಸತ್ತಿತು ಎಂದು ಕೇಳುವ ಧೈರ್ಯ ಮೇಸ್ತ್ರಿಗಳಿಗೆ ಇರಲಿಲ್ಲ.

ಈಗ ಅಕ್ಕನ ಪಿತ್ತಕೋಶದಲ್ಲಿ ಕಲ್ಲು. ಆಸ್ಪತ್ರೆಗೆ ಹೊರಡುವ ದಿನ ಗೂಡನ್ನು ತಮ್ಮನ ಕೈಗೆ ಒಪ್ಪಿಸುತ್ತ ಹೇಳಿದಳು: "ಹುಳ ಈ ಡಬ್ಬಿಯಲ್ಲಿದೆ. ಬೆಳಗಿನ ಬಿಸಿಲು ಬೀಳೋ ಕಡೆ ಇಡು. ಇನ್ನು ನೀರಿನ ವಿಷಯ..."

"ಅಕ್ಕಾ! ನೀರಿನ ವಿಷಯ ನನಗೆ ಹೇಳಿಕೊಡ್ತೀಯಾ?"

"ಅಲ್ವೋ, ಇದು ಬೇರೆ ಥರ..."

"ಊರಿಗೇ ಎತ್ತರದ ಬಿಲ್ಡಿಂಗಿನ ನೆತ್ತಿ ಮೇಲೆ ನೀರು ಏರಿಸಿದೋನು ನಾನು. ಗೇಣುದ್ದದ ಪ್ರಾಣಿಗೆ ಕುಡಿಸೋಕಾಗಲ್ವಾ? ಹೋಗು, ಆರಾಮಾಗಿ ಕಲ್ಲು ತೆಗೆಸ್ಕೊಂಡು ಬಾ."

ಕಾರಿನವನು ಹಾರ್ನ್ ಒತ್ತಿದ. ಅಕ್ಕ ಏನೋ ಕೂಗಿ ಹೇಳಿದಳು. ಮೇಸ್ತ್ರಿಗಳು ದೊಡ್ಡ ಮನಸ್ಸಿನಿಂದ ಕೈ ಬೀಸಿದರು.

ಗೂಡು ಒಳಗೆ ಬರುತ್ತಲೇ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಈ ಮನೆಗೆ ಇನ್ನೊಂದು ಗೋಸುಂಬೆ ಬೇಕಿತ್ತಾ?" ಅಂದಳು.

"ಇನ್ನೊಂದು ಅಂದ್ರೆ?"

"ನನ್ನ ತಮ್ಮ ಬಂದಾಗ ಒಂದು ಬಣ್ಣ, ನಿಮ್ಮ ಅಕ್ಕ ಬಂದಾಗ ಒಂದು ಬಣ್ಣ. ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಮೇಸ್ತ್ರಿಗಳಿಗೆ ಈ ಮಾತು ಕೇಳಿಸಲಿಲ್ಲ. ಅವರ ಕಿವಿ ಬೇರೊಂದು ಕಡೆ ನಿಮಿರಿತ್ತು. ಗೂಡಿನ ನೆತ್ತಿಯ ಮೇಲಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬದ ತಳದಿಂದ ಹನಿ ಬೀಳುತ್ತಿತ್ತು. ಟಪ್. ಎಲೆಯ ಮೇಲೆ. ಮತ್ತೆ ಟಪ್. ಎತ್ತಿ ನೋಡಿದರೆ ತಳದಲ್ಲಿ ಸೂಜಿಮೊನೆಯಷ್ಟು ತೂತು. "ಪಾಪ, ಅಕ್ಕನಿಗೆ ಕಣ್ಣು ಕಾಣಲ್ಲ, ಸೋರ್ತಿರೋದು ಗೊತ್ತೇ ಆಗಿಲ್ಲ" ಎಂದು ಮರುಗಿ, ಟ್ಯಾಂಕಿನ ಬಿರುಕಿಗೆ ಮೆತ್ತುವ ಅಂಟನ್ನು ಕಲಸಿ ತೂತಿಗೆ ಬಡಿದರು. ಡಬ್ಬ ತುಂಬ ನೀರು ಹಾಕಿ ಬಾಗಿಸಿ ಹೆಂಡತಿಗೆ ತೋರಿಸಿದರು. ಒಂದು ಹನಿ ಇಲ್ಲ! ಆಮೇಲೆ ಮನೆಯಲ್ಲೇ ಚೆಂದದ ಸ್ಟೀಲ್ ಬಟ್ಟಲೊಂದರಲ್ಲಿ ನೀರು ತುಂಬಿ ಗಿಡದ ಬುಡದಲ್ಲಿಟ್ಟು, ಗೋಸುಂಬೆಯತ್ತ ನೋಡಿ, "ಕುಡಿಯಪ್ಪ, ನಿಂದೇ" ಅಂದರು.

ಸ್ಯಾಂಪಲ್ ಒಂದು ಕಣ್ಣನ್ನು ಅವರ ಕಡೆಗೂ ಇನ್ನೊಂದನ್ನು ಮುಚ್ಚಿಹೋದ ಡಬ್ಬದ ಕಡೆಗೂ ತಿರುಗಿಸಿತು.

ಅಂದು ಕುಡಿಯಲಿಲ್ಲ. ಮರುದಿನವೂ ಇಲ್ಲ. ಹೊಸ ಜಾಗ, ನಾಚಿಕೆ ಇರಬೇಕು ಎಂದು ಮೇಸ್ತ್ರಿಗಳು ಬಟ್ಟಲು ಬದಲಿಸಿದರು. ಸ್ಟೀಲ್ ಹೋಗಿ ಗಾಜು ಬಂತು, ಗಾಜು ಹೋಗಿ ಮಣ್ಣಿನದು ಬಂತು. ಕೊನೆಗೆ ತಂತಿ ಕಟ್ಟಿ ಬಟ್ಟಲನ್ನೇ ಅದರ ಮೂತಿಯ ಎದುರು ತೂಗಿಬಿಟ್ಟರು. ಅದು ಬಟ್ಟಲನ್ನು ದಾಟಿಕೊಂಡು ಆಚೆ ಕೊಂಬೆಗೆ ಹೋಯಿತು, ಅಲ್ಲಿ ನೀರೆಂಬುದು ಇಲ್ಲವೇ ಇಲ್ಲ ಎಂಬಂತೆ. ಆಮೇಲೆ ಹುಳವನ್ನೂ ಬಿಟ್ಟಿತು. ಹಸಿರು ಮಾಸಿ ಒಣಗಿದ ಎಲೆಯ ಬಣ್ಣಕ್ಕೆ ಬಂತು. ಗೋಪುರದಂತೆ ಉಬ್ಬಿರುತ್ತಿದ್ದ ಕಣ್ಣುಗಳು ಗುಳಿ ಬಿದ್ದವು.

ಆಸ್ಪತ್ರೆಯಿಂದ ದಿನವೂ ಫೋನು. ಅಲ್ಲಿ ಅಕ್ಕನ ಬಿ.ಪಿ. ಏರಿ ಕೂತಿತ್ತು. ಇಳಿಯುವವರೆಗೆ ಆಪರೇಶನ್ ಇಲ್ಲ ಎಂದು ಡಾಕ್ಟರು ಮುಂದೂಡುತ್ತಲೇ ಇದ್ದರು.

"ಸ್ಯಾಂಪಲ್ ಹೇಗಿದೆಯೋ?"

"ರಾಜನ ಹಾಗಿದೆ."

"ನೀರು ಕುಡೀತಾ?"

"ಕೊಡಗಟ್ಟಲೆ!"

ಫೋನಿಟ್ಟ ಮೇಲೆ ಹೆಂಡತಿ, "ಇದಕ್ಕೇ ನಾನು ಗೋಸುಂಬೆ ಅಂದಿದ್ದು" ಅಂದಳು. ಆದರೆ ಅವಳ ದನಿಯಲ್ಲೂ ನಗೆ ಇರಲಿಲ್ಲ. ಗೂಡಿನ ಕಡೆ ನೋಡಿ ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು.

ಆಪರೇಶನ್ ಕೊನೆಗೂ ಗೊತ್ತಾದ ದಿನ ಬೆಳಗ್ಗೆ ಸ್ಯಾಂಪಲ್ ಕಣ್ಣೇ ತೆರೆಯಲಿಲ್ಲ. ಕೊಂಬೆಯನ್ನು ಕವಲು ಬೆರಳಿನಲ್ಲಿ ಹಿಡಿದು ಸುಮ್ಮನೆ ಕೂತಿತ್ತು. ಬೆನ್ನಿನ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಂತಿತು. ಮೇಸ್ತ್ರಿಗಳು ಔಷಧಿ ಅಂಗಡಿಗೆ ಓಡಿ ಸೂಜಿಯಿಲ್ಲದ ಸಿರಿಂಜು ತಂದರು. ನೀರು ಎಳೆದುಕೊಂಡರು.

"ಬೇಡಾರೀ. ಯಾಕೋ ಸರಿ ಕಾಣ್ತಿಲ್ಲ," ಅಂದಳು ಹೆಂಡತಿ.

"ಗಾಳಿ ಕಟ್ಟಿದ ಪೈಪಿಗೆ ನೀರನ್ನ ಒತ್ತಡದಲ್ಲೇ ನುಗ್ಗಿಸ್ಬೇಕು ಕಣೇ. ಇದೂ ಒಂದು ಪೈಪೇ."

ಎಡಗೈಯಲ್ಲಿ ಹಿಡಿದು ಎತ್ತಿದಾಗ ಆ ಜೀವಕ್ಕೆ ಎಲ್ಲಿಂದಲೋ ಕಸುವು ಬಂತು. ಕಪ್ಪಗಾಯಿತು. ಬುಸ್ಸೆಂದು ಬಾಯಿ ತೆರೆಯಿತು. ಒಳಗೆ ಗುಲಾಬಿ ಬಣ್ಣದ ಗಂಟಲು, ನಾಲಿಗೆಯ ಹಿಂದೆ ಪುಟ್ಟದೊಂದು ತೂತು ತೆರೆದು ಮುಚ್ಚುತ್ತಿತ್ತು. ಮೇಸ್ತ್ರಿಗಳ ಕಣ್ಣಿಗೆ ಅದು ನೀರಿಗೆ ಹೇಳಿ ಮಾಡಿಸಿದ ಬಾಯಿಯಂತೆ ಕಂಡಿತು. ಸಿರಿಂಜಿನ ತುದಿಯನ್ನು ಅಲ್ಲಿಗೇ ಗುರಿಯಿಟ್ಟು ಹೆಬ್ಬೆರಳನ್ನು ಮೇಲಿಟ್ಟರು.

ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿ ಅವರ ಕಿವಿಗೆ ಒತ್ತಿ ಹಿಡಿದಳು.

"ಈಗ ಒಳಗೆ ಕರ್ಕೊಂಡು ಹೋಗ್ತಿದಾರೆ ಕಣೋ," ಅಕ್ಕನ ದನಿ ತೆಳ್ಳಗಿತ್ತು. "ಅವತ್ತು ನೀನು ಮಾತೇ ಮುಗಿಸೋಕೆ ಬಿಡ್ಲಿಲ್ಲ. ಡಬ್ಬ ತೊಟ್ಟಿಕ್ತಿದೆ ತಾನೇ?"

ಮೇಸ್ತ್ರಿಗಳ ಹೆಬ್ಬೆರಳು ನಿಂತಿತು. "ಯಾವ ಡಬ್ಬ?"

"ಗೂಡಿನ ಮೇಲಿಂದು. ಮಶೀನಿನ ಸೂಜಿಯಲ್ಲಿ ನಾನೇ ಚುಚ್ಚಿದ್ದು. ಬಟ್ಟಲಲ್ಲಿ ನಿಂತ ನೀರು ಅದಕ್ಕೆ ನೀರು ಅಂತಾನೇ ಗೊತ್ತಾಗಲ್ಲ ಕಣೋ. ಎಲೆ ಮೇಲೆ ಹನಿ ಬಿದ್ದು ಮಿನುಗಿದ್ರೆ ನೆಕ್ಕುತ್ತೆ, ಅಷ್ಟೇ. ಮತ್ತೆ, ಏನೇ ಆಗ್ಲಿ ಬಾಯಿಗೆ ಮಾತ್ರ ಸುರೀಬೇಡ. ಆ ಮರಿಗೆ ನಾನು ಹಾಗೇ ಮಾಡಿದ್ದು. ನಾಲಿಗೆ ಹಿಂದೆ ಇರೋದು ಉಸಿರಿನ ತೂತು. ನೀರು ಎದೆಗೆ ಇಳಿದು ನನ್ನ ಕೈಯಲ್ಲೇ ಹೋಯ್ತು." ಹಿಂದಿನಿಂದ ಯಾರೋ ಅವಳನ್ನು ಕರೆದರು. "ಹೇಳೋ ಬೇಗ. ತೊಟ್ಟಿಕ್ತಿದೆ ತಾನೇ?"

ಮೇಸ್ತ್ರಿಗಳು ಹೆಂಡತಿಯ ಮುಖ ನೋಡಿದರು. ಅವಳು ಡಬ್ಬ ನೋಡುತ್ತಿದ್ದಳು.

"ಹೂಂ ಅಕ್ಕ. ತೊಟ್ಟಿಕ್ತಿದೆ."

"ಸರಿ," ಅಂದಳು ಅಕ್ಕ. ಫೋನು ಕಡಿದುಹೋಯಿತು.

ಸಿರಿಂಜು ನೆಲಕ್ಕೆ ಬಿತ್ತು. ಸ್ಯಾಂಪಲ್ ಅನ್ನು ಮೆಲ್ಲಗೆ ಕೊಂಬೆಗೆ ಬಿಟ್ಟು ಮೇಸ್ತ್ರಿಗಳು ಡಬ್ಬಕ್ಕೆ ಕೈಹಾಕಿದರು. ಅಂಟು ಕಲ್ಲಾಗಿತ್ತು. ಅವರು ಮುಚ್ಚಿದ್ದು ಇದುವರೆಗೆ ಯಾರ ಮನೆಯಲ್ಲೂ ಬಿಟ್ಟುಕೊಂಡಿದ್ದಿಲ್ಲ, ಇಲ್ಲೂ ಬಿಟ್ಟುಕೊಳ್ಳಲಿಲ್ಲ. ಉಳಿಯಿಂದ ಒಂದೇಟು ಹಾಕಿದ್ದೇ ತಡ, ಡಬ್ಬ ಈ ತುದಿಯಿಂದ ಆ ತುದಿಗೆ ಸೀಳಿತು. ಅಡುಗೆಮನೆಯ ಡಬ್ಬವೊಂದಕ್ಕೆ ಸೂಜಿ ಚುಚ್ಚಿದರು. ನೀರು ಇಳಿಯಲೇ ಇಲ್ಲ. ತೂತು ಹಿಗ್ಗಿಸಿದರೆ ದಾರದಂತೆ ಧಾರೆ ಸುರಿಯಿತು. ಸ್ಯಾಂಪಲ್ ಹೆದರಿ ಮೂಲೆಗೆ ಸರಿಯಿತು. ಅಕ್ಕನ ಸೂಜಿಗೆ ಸಿಕ್ಕಿದ್ದ ಅಳತೆ ಇವರ ಕೈಗೆ ಸಿಗಲಿಲ್ಲ.

"ಬೇಡ ಅನ್ನೋ ಕಡೆಯೆಲ್ಲ ತಾನಾಗಿ ಸೋರುತ್ತೆ, ಇವತ್ತು ಬೇಕು ಅಂದ್ರೆ..." ಮೇಸ್ತ್ರಿಗಳು ಡಬ್ಬವನ್ನು ನೆಲಕ್ಕೆ ಕುಕ್ಕಿದರು.

"ಸೋರೋ ನಲ್ಲಿ ಒಂದೂ ಇಲ್ವಾ ನಿಮ್ಮ ಹತ್ರ? ಮೆಟ್ಟಿಲ ಕೆಳಗೆ ಒಂದು ಮೂಟೆ ಇದೆಯಲ್ಲ!"

ಇತ್ತು. ತಳಕ್ಕೆ ತೂತು ಕೊರೆದ ಬಕೆಟ್ಟಿಗೆ ಕೂರಿಸಿ ಒಂದೊಂದಾಗಿ ನೋಡಿದರು. ಯಾವುದೂ ಸೋರದು. ಗುಜರಿಗೆ ಹಾಕಬೇಕಾದ ನಲ್ಲಿಗಳನ್ನೂ ಈ ಮಹಾನುಭಾವರು ಬಿಡುವಿದ್ದಾಗಲೆಲ್ಲ ರಿಪೇರಿ ಮಾಡಿಯೇ ಮೂಟೆ ಕಟ್ಟಿದ್ದರು.

ಉಳಿದದ್ದು ಒಂದೇ. ಗಿರಾಕಿಗಳಿಗೆ "ನೋಡಿ, ಇದೇ ನಿಮ್ಮ ಶತ್ರು" ಎಂದು ತೋರಿಸಲು ಚೀಲದ ಜೇಬಿನಲ್ಲಿಟ್ಟುಕೊಂಡ ಸವೆದ ವಾಷರುಗಳು. ಅದರಲ್ಲಿ ಅತಿ ಕೆಟ್ಟದ್ದನ್ನು, ಒಂದು ಪಕ್ಕ ತಿಂದುಹೋಗಿದ್ದನ್ನು, ಆರಿಸಿದರು. ಒಳ್ಳೆಯ ನಲ್ಲಿಯನ್ನು ಬಿಚ್ಚಿ, ಒಳ್ಳೆಯ ವಾಷರನ್ನು ತೆಗೆದು, ಕೆಟ್ಟದ್ದನ್ನು ಒಳಗೆ ಕೂರಿಸಿದರು. ಜೀವಮಾನದಲ್ಲಿ ಮಾಡದ ಕೆಲಸ. ಗೂಡಿನ ಮೇಲೆ ಬಕೆಟ್ಟನ್ನು ಇಟ್ಟು, ಹನಿ ಪ್ರಾಣಿಯ ತಲೆ ಮೇಲಲ್ಲ, ಮೇಲಿನ ಎಲೆಯ ಮೇಲೆ ಬೀಳುವಂತೆ ಸರಿಸಿ, ನಲ್ಲಿಯನ್ನು ಪೂರ್ತಿ ತಿರುಗಿಸಿ ಮುಚ್ಚಿದರು.

ಟಪ್.

ಎಲೆ ಬಾಗಿ ಎದ್ದಿತು. ಹನಿ ಕೆಳಗಿನ ಎಲೆಗೆ ಜಾರಿತು. ಮತ್ತೆ ಟಪ್. ಸ್ಯಾಂಪಲ್‌ನ ಒಂದು ಕಣ್ಣು ಬಿರುಕಿನಷ್ಟು ತೆರೆಯಿತು. ಹನಿಯ ಕಡೆಗಲ್ಲ, ಮೇಸ್ತ್ರಿಗಳ ಕಡೆಗೆ.

"ನೀವು ಹಾಗೆ ಮುಖಕ್ಕೆ ಮುಖ ಕೊಟ್ಟು ನಿಂತ್ರೆ ನನಗೂ ಗಂಟಲಲ್ಲಿ ಇಳಿಯಲ್ಲ. ಬನ್ನಿ ಈ ಕಡೆ," ಎಂದು ಹೆಂಡತಿ ತೋಳು ಹಿಡಿದು ಎಳೆದಳು.

ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತರು. ಒಳಗೆ ಟಪ್, ಟಪ್. ಪ್ರತಿ ಹನಿಗೂ ಮೇಸ್ತ್ರಿಗಳ ಬಲಗೈ ಸ್ಪ್ಯಾನರ್ ಇದ್ದ ಕಡೆ ತಾನಾಗಿ ಹೋಗುತ್ತಿತ್ತು. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಅಲ್ಲಿ ಅಕ್ಕ ಮೇಜಿನ ಮೇಲೆ, ಇಲ್ಲಿ ಇದು ಕೊಂಬೆಯ ಮೇಲೆ. ಎರಡು ಕಡೆಯಿಂದಲೂ ಸುದ್ದಿಯಿಲ್ಲ. ಬಹಳ ಹೊತ್ತಾದ ಮೇಲೆ ತಡೆಯಲಾಗದೆ, ಪೈಪಿನ ಹಿಂಬದಿ ನೋಡಲು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಗಿಲ ಸಂದಿಯಿಂದ ತೂರಿಸಿದರು.

ಕನ್ನಡಿಯೊಳಗೆ ಗೋಸುಂಬೆ ಒಂದು ಹೆಜ್ಜೆ ಮುಂದಿಟ್ಟಿತ್ತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೂ ಮುಂದಕ್ಕೂ ತೂಗಿತು. ಎಲೆಯ ಅಂಚಿನಲ್ಲಿ ಹನಿಯೊಂದು ದಪ್ಪಗಾಗುತ್ತಿತ್ತು. ಅದು ಬೀಳಲಿಲ್ಲ, ಮೂತಿಯ ಮೇಲೆ ಹರಡಿತು. ದವಡೆ ಅಲ್ಲಾಡಿತು. ಗಂಟಲ ಚರ್ಮ ಒಮ್ಮೆ ಇಳಿದು ಏರಿತು. ಮತ್ತೊಂದು ಹನಿ. ಮತ್ತೆ ಗಂಟಲು.

"ಏನಾಯ್ತ್ರೀ?" ಹೆಂಡತಿ ಪಿಸುಗುಟ್ಟಿದಳು.

ಮೇಸ್ತ್ರಿಗಳು ಕನ್ನಡಿಯನ್ನು ಅವಳ ಕೈಗೆ ಕೊಟ್ಟು ಮುಖ ಆಚೆ ತಿರುಗಿಸಿಕೊಂಡರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು. ಅಕ್ಕನ ದನಿ ಮಂಪರಿನಲ್ಲಿ ತೊದಲುತ್ತಿತ್ತು. "ಕಲ್ಲು ತೆಗೆದ್ರಂತೆ ಕಣೋ."

"ಅಕ್ಕ, ಬೆಳಗ್ಗೆ ನಾನು ಹೇಳಿದ್ದು..."

"ಸುಳ್ಳು. ಗೊತ್ತು. ಫೋನಲ್ಲಿ ಹನಿ ಸದ್ದೇ ಇರ್ಲಿಲ್ಲ. ನಿನ್ನ ಉಸಿರು ಮಾತ್ರ ಕೇಳ್ತಿತ್ತು."

"ಗೊತ್ತಿದ್ದೂ ಒಳಗೆ ಹೋದ್ಯಾ?"

"ಏನ್ಮಾಡ್ಲಿ? ಸೋರೋದನ್ನ ನಿಲ್ಲಿಸಿದೋನು ಸೋರಿಸೋದನ್ನೂ ಕಲೀತಾನೆ ಅಂದ್ಕೊಂಡೆ." ಗೂಡಿನ ಕಡೆಯಿಂದ ಟಪ್ ಎಂದಿತು. "ಈಗ ಕೇಳಿಸ್ತಿದೆ. ಫೋನು ಅಲ್ಲೇ ಹತ್ರ ಹಿಡಿಯೋ."

ವಾಷರ್ ಮೇಸ್ತ್ರಿಗಳು ಸೋರುವ ನಲ್ಲಿಯ ಕೆಳಗೆ ಫೋನು ಹಿಡಿದು ನಿಂತರು. ಕಾಲ ಬುಡಕ್ಕೆ ನೀರು ಹರಿದು ಬಂದಿತ್ತು. ಹೆಂಡತಿ, "ಕೆಳಗೊಂದು ತಟ್ಟೆ ಇಡ್ಬೇಕು ಅಂತ ಈ ನೀರಿನ ದೊರೆಗೆ ಹೊಳೀಲಿಲ್ಲ ನೋಡಿ" ಎನ್ನುತ್ತ ನೆಲ ಒರೆಸುವ ಬಟ್ಟೆ ತಂದಳು. ಅವರು ಕಾಲೆತ್ತಿ ಕೊಟ್ಟರು, ಫೋನು ಮಾತ್ರ ಅಲುಗಿಸಲಿಲ್ಲ.